ಘಟ್ಟದ ಮೇಲೆ ನಿಂತುಹೋದ ಹಾಡು

ಜಗಳೂರಿನಲ್ಲಿ ಬಸ್ಸಿಳಿದ ದಿನವೇ ನಾನು ಕುರಿಗಳ ನಡುವೆ ಸಿಕ್ಕಿಬಿದ್ದೆ. ಬಗಲಲ್ಲಿ ಹಾಸಿಗೆಯ ಗಂಟು, ಕೈಯಲ್ಲಿ ಟ್ರಂಕು, ಎದುರಿನಿಂದ ಬೀದಿ ತುಂಬ ಕುರಿ. ನಮ್ಮೂರಿನಲ್ಲಿ ಕುರಿ ಎಂದರೆ ಪಾಠದ ಪುಸ್ತಕದ ಚಿತ್ರ ಮಾತ್ರ. ಗೋಡೆಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿ ನಿಂತೆ. ಹೆಗಲ ಮೇಲೆ ಕಂಬಳಿ ಹಾಕಿದ್ದ ಹೆಂಗಸೊಬ್ಬಳು ಕೋಲು ಅಡ್ಡ ಹಿಡಿದು ಕುರಿಗಳನ್ನು ತಡೆದು ನನ್ನನ್ನು ಏನೋ ಕೇಳಿದಳು. ಒಂದಕ್ಷರ ತಿಳಿಯಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಶಾಲೆಗೇ ಮೊದಲು ಬಂದಿದ್ದವಳು ನಾನು!

"ದಯವಿಟ್ಟು ಸ್ವಲ್ಪ ನಿಧಾನವಾಗಿ ಹೇಳುತ್ತೀರಾ?" ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾವ ಸೀಮೆಯೋರು ರೀ ನೀವು? ರೇಡಿಯೋದಾಗೆ ಮಾತಾಡ್ದಂಗೆ ಮಾತಾಡ್ತೀರಲ್ಲ!" ಎಂದು ಬಾಯಿ ತುಂಬ ನಕ್ಕಳು. ಅವಳು ಹಾಲಮ್ಮ. ನಾವು ಬಾಡಿಗೆ ಹಿಡಿದ ಮನೆಯ ಹಿಂದೆಯೇ ಅವಳ ಕುರಿದೊಡ್ಡಿ ಇತ್ತು. ಆ ಊರಿನಲ್ಲಿ ನನ್ನನ್ನು ನೋಡಿ ಮೊದಲು ನಕ್ಕವಳೂ ಅವಳೇ, ನನಗೆ ಮೊದಲು ನೀರು ಕೊಟ್ಟವಳೂ ಅವಳೇ.

ಕಾರ್ಕಳದ ಆಚೆಯ ನನ್ನವರೇ, ನೀವು ಸಿಕ್ಕಾಗಲೆಲ್ಲ "ಘಟ್ಟದ ಮೇಲೆ ಹೇಗುಂಟು?" ಎಂದು ಕೇಳುತ್ತೀರಿ. "ಉಂಟು, ಹೀಗೇ" ಎಂದು ತಪ್ಪಿಸಿಕೊಳ್ಳುತ್ತ ಬಂದಿದ್ದೇನೆ. ಈಗ ಕೂತು ಬರೆಯುತ್ತಿದ್ದೇನೆ. ಓದಿ ಮುಗಿಸಿದ ಮೇಲೆ ನನ್ನನ್ನು ಬೈಯುವವರು ಬೈಯಿರಿ.

ನನ್ನ ಗಂಡ ದನದ ಆಸ್ಪತ್ರೆಯಲ್ಲಿ ಕಂಪೌಂಡರ್. ಇಲ್ಲಿಯವರ ಬಾಯಲ್ಲಿ ಅವರು ಡಾಕ್ಟ್ರು, ಹಾಗಾಗಿ ನಾನು ಪುಕ್ಕಟೆಯಾಗಿ ಡಾಕ್ಟ್ರಮ್ಮ. ಮೊದಲು ಅವರಿಗೆ ನ್ಯಾಮತಿಯ ಹತ್ತಿರ ಸವಳಂಗದಲ್ಲಿ ಕೆಲಸವಿತ್ತು. ಅಲ್ಲಿ ಗದ್ದೆಗಳಿದ್ದವು, ಕಣ್ಣಿಗೆ ಹಸಿರು ಬೀಳುತ್ತಿತ್ತು, ಮಾತೂ ಕಿವಿಗೆ ಇಷ್ಟು ಬೇರೆಯಾಗಿರಲಿಲ್ಲ, ಊರು ಬಿಟ್ಟು ಬಂದದ್ದು ಅಷ್ಟಾಗಿ ಅನ್ನಿಸಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಜಗಳೂರಿಗೆ ವರ್ಗವಾಯಿತು. ಇಲ್ಲಿ ಬಾಗಿಲು ತೆರೆದರೆ ನೆಲ, ನೆಲ ಮುಗಿದಲ್ಲಿ ಆಕಾಶ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕಾಣಬೇಕಾದರೆ ನಾಲ್ಕು ಮರ ದಾಟಬೇಕು. ಇಲ್ಲಿ ನಾನು ಅಂಗಳದಲ್ಲಿ ಬಟ್ಟೆ ಒಣಹಾಕಿದರೆ ಇಡೀ ಊರಿಗೆ ನನ್ನ ಸೀರೆಗಳ ಲೆಕ್ಕ ಸಿಗುತ್ತಿತ್ತು. ಹೆಂಚಿನ ಮಾಡಿನ ಕೆಳಗೆ ಬೆಳೆದವಳು ಮಣ್ಣಿನ ಮಾಳಿಗೆಯ ಕೆಳಗೆ ಮಲಗಿದಾಗ ಎದೆಯ ಮೇಲೆ ಯಾರೋ ಕೂತಂತಾಗುತ್ತಿತ್ತು.

ಊಟದ ಕಥೆ ಬೇರೆ. ಮನೆಯ ಯಜಮಾನರು ಶಿವಭಕ್ತರು, ಲಿಂಗಪೂಜೆಯಾಗದೆ ನೀರು ಮುಟ್ಟದವರು. ಅವರ ಹೆಂಡತಿ ಗೌರಮ್ಮ ಕೀಲಿಕೈ ಕೊಡುವಾಗಲೇ ಹೇಳಿದ್ದರು, "ನೋಡ್ರಿ ಡಾಕ್ಟ್ರಮ್ಮ, ಮನಿಯಾಗೆ ಮೀನು ಗೀನು ಮಾಡಂಗಿಲ್ಲ." ನಾನು ತಲೆಯಾಡಿಸಿದ್ದೆ. ಊರಿನಿಂದ ತಂದಿದ್ದ ಒಣಮೀನಿನ ಕಟ್ಟನ್ನು ಆಮೇಲೆ ದಾವಣಗೆರೆಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೋ ಕೊಟ್ಟುಬಿಟ್ಟೆವು. ನಿಧಾನಕ್ಕೆ ಜೋಳದ ರೊಟ್ಟಿ ಬಡಿಯಲು ಕಲಿತೆ. ಮೊದಲು ನನ್ನ ರೊಟ್ಟಿ ನಮ್ಮ ಸೀಮೆಯ ನಕ್ಷೆಯ ಹಾಗೆ ಬರುತ್ತಿತ್ತು. ಅದು ದುಂಡಗೆ ಬಂದ ದಿನ ಹಾಲಮ್ಮ, "ಈಗ ನೋಡು ನೀನು ಮನುಷ್ಯಳಾದೆ ಅಕ್ಕಾ" ಎಂದಳು. "ಉಂಟು" ಎನ್ನುವಲ್ಲಿ "ಐತೆ" ಎನ್ನಲು ಕಲಿತೆ. ಅಂಗಡಿಯವನು ನಗುವುದನ್ನು ಬಿಟ್ಟ. ಅಷ್ಟೇ ನನ್ನ ದಿಗ್ವಿಜಯ.

ನಾನು ಹೇಗೋ ಕಲಿತೆ. ಕಲಿಯಲಾಗದೇ ಹೋದವಳು ನನ್ನ ತಾಯಿ. ನಾವು ತುಳುವಿನಲ್ಲಿ ತಾಯಿಯನ್ನು ಅಪ್ಪೆ ಎನ್ನುವುದು ನಿಮಗೆ ಗೊತ್ತೇ ಇದೆ. ಇಲ್ಲಿ ಅದನ್ನು ಕೇಳಿ ಜನ ಬೆರಗಾಗುತ್ತಿದ್ದರು. ಅಪ್ಪ ತೀರಿಕೊಂಡು, ತಮ್ಮ ಬೊಂಬಾಯಿಯ ಹೋಟೆಲು ಸೇರಿ, ಅಪ್ಪೆ ಒಬ್ಬಳೇ ಆದಾಗ ಅವಳನ್ನು ಕರೆತಂದೆ. "ಎರಡು ತಿಂಗಳು ಇದ್ದು ಬರುತ್ತೇನೆ" ಎಂದು ನೆರೆಯವರಿಗೆ ಹೇಳಿ, ಒಲೆಯ ಮೇಲೆ ಮಡಕೆ ಮಗುಚಿಟ್ಟು ಹೊರಟಿದ್ದಳು. ತಿರುಗಿ ಹೋದರೆ ಆ ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಅವಳಿಗೆ ಕನ್ನಡ ಬಾರದು. ಹಾಲಮ್ಮ ಬೇಲಿಯ ಆಚೆಯಿಂದ "ಉಂಡ್ಯೇನವ್ವಾ?" ಎಂದು ಕೂಗಿದರೆ ಅಪ್ಪೆ ಕೈ ಮುಗಿಯುತ್ತಿದ್ದಳು. ಸಂಜೆಯಾದರೆ ಹೊರಗಿನ ಕಟ್ಟೆಯ ಮೇಲೆ ಕೂತು ಒಂದೇ ಪ್ರಶ್ನೆ: "ಊರಿಗೆ ಯಾವಾಗ ಹೋಗುವುದು?" "ಹೋಗುವ" ಎನ್ನುತ್ತಿದ್ದೆ. ಆಮೇಲೆ ಅದನ್ನು ಕೇಳುವುದೂ ಕಡಿಮೆಯಾಯಿತು. ಇಡೀ ದಿನ ಒಂದು ಮಾತಿಲ್ಲ. ಗದ್ದೆಯ ಈ ಬದುವಿನಲ್ಲಿ ನಿಂತು ಹಾಡಿದರೆ ಆ ಬದುವಿನವರು ದನಿಗೂಡಿಸುತ್ತಿದ್ದ ಹೆಂಗಸು ಅವಳು. ಅಂಥವಳ ಬಾಯಿ ನನ್ನ ಕಣ್ಣೆದುರೇ ಮುಚ್ಚಿಹೋಗುತ್ತಿತ್ತು. ನನಗೆ ಹೆದರಿಕೆಯಾಗುತ್ತಿತ್ತು.

ಆಗ ಬಂದದ್ದು ಆ ಕವಿತಾ ಸ್ಪರ್ಧೆ.

ಜಗಳೂರಿನ ಹೊರಗೆ ಒಬ್ಬ ಹಳೆಯ ತತ್ವಪದಕಾರರ ಗದ್ದುಗೆ ಇದೆ. ಇಲ್ಲಿಯವರು ಅವರನ್ನು ಅಜ್ಜಯ್ಯ ಎನ್ನುತ್ತಾರೆ. ಅಜ್ಜಯ್ಯ ಒಂದೇ ಪದದಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಬೆರೆಸಿ ಹಾಡುತ್ತಿದ್ದರಂತೆ. ಅವರ ನೆನಪಿಗೆ ಹೈಸ್ಕೂಲಿನ ಕನ್ನಡ ಪಂಡಿತರಾದ ರುದ್ರಪ್ಪ ಮೇಷ್ಟ್ರು ಬಹುಭಾಷಾ ಕವಿತಾ ಸ್ಪರ್ಧೆ ಇಟ್ಟರು. ಚನ್ನಗಿರಿ, ಹೊನ್ನಾಳಿ ಕಡೆಯಿಂದೆಲ್ಲ ಕವಿಗಳು ಬರುವವರಿದ್ದರು. ಮೇಷ್ಟ್ರು ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೇ ಬಂದರು.

"ತಾಯಿ, ನಿಮ್ದು ತುಳು ಅಂತ ಕೇಳ್ದೆ. ಬಹುಭಾಷಾ ಅಂತ ಹೆಸರಿಟ್ಟು ನಾಕೇ ಭಾಷೆ ಆದ್ರೆ ಹೆಂಗೆ? ಒಂದು ಪದ ಹಾಡಾಕೆ ಬರ್ರಿ."

ನನಗೆ ಬರುವುದಿಲ್ಲ, ನನ್ನ ತಾಯಿಗೆ ಬರುತ್ತದೆ ಎಂದೆ. ಒಳಗೆ ಹೋಗಿ ಅಪ್ಪೆಗೆ ಹೇಳಿದೆ. ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಕೂತಳು. "ನಮ್ಮ ಭಾಷೆಯಲ್ಲೇ ಹಾಡಲಿಕ್ಕೆ ಹೇಳಿದರಾ?" ಎಂದಳು. ಅವಳ ಮಾತನ್ನೆಲ್ಲ ನಾನಿಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಆ ತುಳುವಿನಲ್ಲಿದ್ದ ಆಸೆ ಇದರಲ್ಲಿ ಬರುವುದಿಲ್ಲ. ಹಾಡುವುದಾದರೆ ನಮ್ಮ ದೈವದ ಪಾಡ್ದನವನ್ನೇ ಹಾಡುತ್ತೇನೆ ಎಂದಳು. ಪಾಡ್ದನ ಎಂದರೆ ಹಾಡಿನಲ್ಲಿ ಹೇಳುವ ಉದ್ದದ ಕಥೆ ಎಂದು ಮೇಷ್ಟ್ರಿಗೆ ಬಿಡಿಸಿ ಹೇಳಿದೆ. ದೈವದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ಘಟ್ಟದ ಮೇಲಿನಿಂದ ನೆಲೆ ಹುಡುಕುತ್ತ ಹೊರಟ ದೈವ ಘಟ್ಟದ ತುದಿಗೆ ಬಂದು ಕಡಲನ್ನು ನೋಡುತ್ತದೆ, ಕೆಳಗಿಳಿಯುತ್ತದೆ, ಮೂರು ಮನೆಯಲ್ಲಿ ಜಾಗವಿಲ್ಲ ಎನ್ನಿಸಿಕೊಂಡು ನಾಲ್ಕನೆಯ ಮನೆಯ ಮುದುಕಿಯ ಕೈಯಿಂದ ಎಳನೀರು ಕುಡಿದು ನಮ್ಮೂರಲ್ಲಿ ನಿಲ್ಲುತ್ತದೆ. ಇದರಲ್ಲಿ ಅಪ್ಪೆಯದು ಒಂದು ಕಟ್ಟು ಇತ್ತು, ಅವಳ ತಾಯಿಯಿಂದ ಬಂದದ್ದು: ದೈವವನ್ನು ಕರೆದು ಕಥೆ ಎತ್ತಿದ ಮೇಲೆ ಅದನ್ನು ನೆಲೆ ಮುಟ್ಟಿಸದೆ ಬಾಯಿ ಮುಚ್ಚಬಾರದು. ಕರೆದವರು ದಾರಿಯಲ್ಲಿ ಕೈಬಿಟ್ಟರೆ ಅದು ಎಲ್ಲಿಗೆ ಹೋಗಬೇಕು?

ಇದನ್ನೂ ಮೇಷ್ಟ್ರಿಗೆ ಹೇಳಿದೆ. ಐದು ನಿಮಿಷಕ್ಕೆ ಗಂಟೆ ಬಾರಿಸುವ ನಿಯಮ ನಮಗೆ ಆಗುವುದಿಲ್ಲ ಎಂದೆ. "ಅದಕ್ಕೇನಂತೆ ತಾಯಿ, ಕೊನೇಗೆ ಇಡ್ತೀವಿ. ಎಷ್ಟೊತ್ತಾದ್ರೂ ಹಾಡ್ಲಿ ಅಜ್ಜಿ" ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಆ ದಿನ ಅವರ ಮನಸ್ಸಿನಲ್ಲಿ ಅದೇ ಇತ್ತು.

ಅಂದಿನಿಂದ ಮನೆಯಲ್ಲಿ ಮತ್ತೆ ದನಿ ಕೇಳಿಸಿತು. ಪಾತ್ರೆ ತೊಳೆಯುತ್ತ ಗುನುಗುತ್ತಿದ್ದಳು. ಗಂಜಿ ಎರಡನೇ ಸಲ ಕೇಳಿದಳು. ಮಡಚಿಟ್ಟಿದ್ದ ಅಂಚಿನ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಆ ಕೆಲವು ದಿನ ನಾನೂ ಚೆನ್ನಾಗಿದ್ದೆ.

ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಅಷ್ಟು ಜನರನ್ನು ಆ ಊರಿನಲ್ಲಿ ನಾನು ಒಟ್ಟಿಗೆ ಕಂಡಿರಲಿಲ್ಲ. ಬೇರೆ ಭಾಷೆಯವರು ಮೊದಲು ಕನ್ನಡದಲ್ಲಿ ಅರ್ಥ ಹೇಳಿ ಆಮೇಲೆ ಹಾಡಬೇಕು, ಓದಬೇಕು. ಹೊನ್ನಾಳಿಯ ಯುವಕನೊಬ್ಬ ಹೊಳೆಯ ಮೇಲೆ ಕವಿತೆ ಓದಿದ. ಕೆರೆಬಿಳಚಿಯಿಂದ ಬಂದ ಹಿರಿಯರೊಬ್ಬರು ಉರ್ದುವಿನಲ್ಲಿ ಒಂದೊಂದು ಸಾಲನ್ನೂ ಎರಡೆರಡು ಸಲ ಹೇಳಿದಾಗ ಅರ್ಥವಾಗದವರೂ "ವ್ಹಾ" ಎಂದರು. ತೆಲುಗಿನ ಪದ್ಯವಾಯಿತು. ತಾಂಡಾದ ಹೆಂಗಸೊಬ್ಬಳು ಮದುವೆಯಾಗಿ ತವರು ಬಿಡುವ ಮಗಳ ಅಳುವಿನ ಹಾಡನ್ನು ಲಂಬಾಣಿಯಲ್ಲಿ ಹಾಡಿದಾಗ ನನ್ನ ಪಕ್ಕದಲ್ಲಿದ್ದ ಹಾಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಎಲ್ಲರ ಹಾಡು ಮುಗಿಯುತ್ತಿದ್ದಂತೆ ಗಂಟೆ, ಗಂಟೆಯ ಹಿಂದೆಯೇ ಚಪ್ಪಾಳೆ.

ಕೊನೆಗೆ ಅಪ್ಪೆ. ನಾನು ಅರ್ಥ ಹೇಳಿ ಕೆಳಗೆ ಬಂದು ಕೂತೆ. ಮೈಕಿನ ಮುಂದೆ ಅವಳ ದನಿ ಮೊದಲು ನಡುಗಿತು. ಅವಳು ಕಣ್ಣು ಮುಚ್ಚಿದಳು. ಮುಚ್ಚಿದ ಮೇಲೆ ಅವಳಿಗೆ ಜಗಳೂರು ಕಾಣಿಸಲಿಲ್ಲ ಎಂದು ಕಾಣುತ್ತದೆ, ದನಿ ತೆರೆಯಿತು. ಜನ ಮಿಸುಕಲಿಲ್ಲ. ನಾನು ಹೆಮ್ಮೆಯಿಂದ ಬೀಗಿ ಸುತ್ತ ನೋಡುತ್ತಿದ್ದೆ. ದೈವ ಊರೂರು ಅಲೆಯಿತು, ಬೆಟ್ಟ ಹತ್ತಿತು, ಘಟ್ಟದ ತುದಿಗೆ ಬಂದು ನಿಂತು ಕೆಳಗೆ ಕಡಲನ್ನು ನೋಡಿತು.

ಅಷ್ಟರಲ್ಲಿ ವೇದಿಕೆಯ ಮೇಲೆ ಗುಸುಗುಸು ಶುರುವಾಗಿತ್ತು. ಮುಖ್ಯ ಅತಿಥಿಗಳಿಗೆ ಹೊರಡಬೇಕಿತ್ತು, ಜೀಪು ಬಂದು ನಿಂತಿತ್ತು. ಮೇಷ್ಟ್ರು ಬೆವರುತ್ತಿದ್ದರು. ಅತಿಥಿಗಳು ಎದ್ದು ಹೋದರೆ ಅಜ್ಜಿಗೆ ದೊಡ್ಡವರ ಕೈಯಿಂದ ಮರ್ಯಾದೆ ಸಲ್ಲದೆ ಹೋಗುತ್ತದೆ ಎಂಬುದೇ ಅವರ ಸಂಕಟ! ಗಂಟೆ ಹೊಡೆಯಿತು. ಅಪ್ಪೆಗೆ ಅದು ಏನೆಂದು ಗೊತ್ತಾಗಲಿಲ್ಲ, ಹಾಡುತ್ತಲೇ ಇದ್ದಳು. ಹಿಂದಿನಿಂದ ಶಾಲು ಬಂದು ಹೆಗಲ ಮೇಲೆ ಬಿತ್ತು. ಕೊರಳಿಗೆ ಸೇವಂತಿಗೆಯ ಹಾರ ಬಿತ್ತು. ಕೈಗೆ ಸ್ಟೀಲಿನ ಕೊಡ ಬಂತು. ಜನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಿಳ್ಳೆ ಹಾಕಿದರು. ಸನ್ಮಾನ ಎಂಬುದು ನಮ್ಮ ಕನ್ನಡದವರಿಗೆ ಹಿಡಿದ ರೋಗ. ಯಾರ ಬಾಯನ್ನಾದರೂ ಮುಚ್ಚಿಸಬೇಕೆಂದರೆ ಒಂದು ಶಾಲು ಸಾಕು. ಅಪ್ಪೆಯ ತುಟಿಗಳು ಇನ್ನೂ ಆಡುತ್ತಿದ್ದವು. ಮೈಕು ಆಗಲೇ ವಂದನಾರ್ಪಣೆಯವರ ಕೈಯಲ್ಲಿತ್ತು. "ಬಿಡಿ, ಮುಗಿದಿಲ್ಲ!" ಎಂದು ನಾನು ಕೂಗಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅಪ್ಪೆ ಕೊಡವನ್ನು ಎದೆಗೆ ಒತ್ತಿಕೊಂಡು ನನ್ನನ್ನು ಹುಡುಕುತ್ತಿದ್ದಳು.

ಮನೆಗೆ ಬಂದರೆ ಒಳಗೆ ಕಾಲಿಡಲಿಲ್ಲ, ಕಟ್ಟೆಯ ಮೇಲೆ ಕೂತುಬಿಟ್ಟಳು.

"ಘಟ್ಟದ ತುದಿಯಲ್ಲಿ ನಿಲ್ಲಿಸಿ ಬಂದೆನಲ್ಲ ಮಗಾ. ಅದು ಹಿಂದೆಯೂ ಹೋಗುವ ಹಾಗಿಲ್ಲ, ಮುಂದೆಯೂ ಇಳಿಯುವ ಹಾಗಿಲ್ಲ. ನಾನು ಒಳಗೆ ಹೇಗೆ ಬರಲಿ?"

"ಇಲ್ಲೇ ಮುಗಿಸು ಅಪ್ಪೆ, ನಾನು ಕೇಳುತ್ತೇನೆ" ಎಂದೆ.

"ಸಭೆಯಲ್ಲಿ ಕರೆದದ್ದನ್ನು ಒಲೆಯ ಮುಂದೆ ಮುಗಿಸಲಿಕ್ಕಾಗುತ್ತದಾ? ಹೂಂಗುಟ್ಟುವವರು ಬೇಡವಾ?"

ಹೇಗೋ ಎಬ್ಬಿಸಿ ಒಳಗೆ ಕರೆತಂದು ಮಲಗಿಸಿದೆ. ಮತ್ತೆ ಗಂಜಿ ಬಿಟ್ಟಳು. ಜ್ವರ ಬಂತು. ನನ್ನ ಗಂಡ ಹೆದರಿ, "ರಜೆ ಹಾಕುತ್ತೇನೆ, ಊರಿಗೆ ಕರೆದುಕೊಂಡು ಹೋಗುವ" ಎಂದರು. ಅಷ್ಟು ತಿಂಗಳು ಊರು ಊರು ಎಂದು ಜಪ ಮಾಡಿದವಳು ಗೋಡೆಗೆ ಮುಖ ತಿರುಗಿಸಿದಳು. "ಅದನ್ನು ದಾರಿಯಲ್ಲಿ ಬಿಟ್ಟು ನಾನು ಮಾತ್ರ ಘಟ್ಟ ಇಳಿಯುವುದಾ? ಅಲ್ಲಿ ಅದರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?"

ಮೇಷ್ಟ್ರು ಓಡಿ ಬಂದರು. ಕೈ ಜೋಡಿಸಿ, "ತಪ್ಪಾತು ತಾಯಿ. ಮರ್ಯಾದೆ ಮಾಡಾಕೆ ಹೋಗಿ ಹಿಂಗಾತು. ಮುಂದಿನ ವರ್ಷ ಮೊದಲ್ನೇ ಪದಾನೇ ಅಜ್ಜಿದು" ಎಂದರು. ಮುಂದಿನ ವರ್ಷ! ಬೈಯಬೇಕೆಂದು ಬಾಯಿ ತೆರೆದೆ. ಅವರ ಕಣ್ಣು ಒದ್ದೆಯಾಗಿತ್ತು. ಕಾಫಿ ಕೊಟ್ಟು ಕಳಿಸಿದೆ.

ಬೇಲಿಯ ಹತ್ತಿರ ನಿಂತು ಅಳುತ್ತಿದ್ದಾಗ ಹಾಲಮ್ಮ ಬಂದು ಕೇಳಿದಳು. ಎಲ್ಲ ಹೇಳಿದೆ. ಓದು ಬರಹ ಕಾಣದ ಹೆಂಗಸಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ, ಅವರ ಮನೆಯಲ್ಲೂ ಅದೇ ಕಟ್ಟು.

"ನಮ್ಮಾಗೂ ಹಂಗೇ ಅಕ್ಕಾ. ದ್ಯಾವ್ರ ಪದ ಎತ್ತಿದ್ ಮ್ಯಾಲೆ ಮಂಗಳ ಆಗೋತನ್ಕ ಒಬ್ರೂ ಏಳಂಗಿಲ್ಲ. ನಡುವೆ ಶಾಲು ಹೊದ್ದುಸ್ತಾರಂತೆ, ಥೂ! ಅಲ್ಲ, ಸಭೆ ಬೇಕು ಅಂತಾಳೇನು ಅವ್ವ? ನಾವೇನು ಸಭೆ ಅಲ್ಲೇನು? ನಾಳೆ ಮಧ್ಯಾಹ್ನ ಕುರಿ ಮೇಯಾಕೆ ಹೋಗಿರ್ತಾವೆ. ದೊಡ್ಡಿ ಸಾರಿಸಿ ಇಟ್ಟಿರ್ತೀನಿ. ಕರ್ಕೊಂಡ್ ಬಾ."

ಮರುದಿನ ಅಪ್ಪೆಯನ್ನು ತೋಳು ಹಿಡಿದು ನಡೆಸಿಕೊಂಡು ಹೋದೆ. ಕೇರಿಯ ಹೆಂಗಸರೆಲ್ಲ ಬಂದಿದ್ದರು. ಮೀನು ಮಾಡಂಗಿಲ್ಲ ಎಂದಿದ್ದ ಗೌರಮ್ಮನೂ ಕುರಿಯ ವಾಸನೆಗೆ ಮೂಗು ಮುಚ್ಚದೆ ನೆಲದ ಮೇಲೆ ಕೂತಿದ್ದರು. ಹಾಲಮ್ಮ ದೀಪ ಹಚ್ಚಿ ತನ್ನ ಕಂಬಳಿ ಹಾಸಿ ಅಪ್ಪೆಯನ್ನು ಕೂರಿಸಿದಳು. "ಹಾಡವ್ವಾ. ನಾವ್ಯಾರೂ ಏಳಾಕಿಲ್ಲ" ಎಂದಳು. ಅಪ್ಪೆಗೆ ಈ ಸಲ ಮಾತು ಹೇಗೋ ತಿಳಿಯಿತು.

ಮೊದಲಿನಿಂದ ಎತ್ತಿದಳು. ಜ್ವರದ ಗಂಟಲು, ದನಿ ಸಣ್ಣದಾಗಿತ್ತು. ಅವಳು ಉಸಿರು ತೆಗೆದುಕೊಳ್ಳುವಲ್ಲೆಲ್ಲ ಹೆಂಗಸರು ತಾವಾಗಿಯೇ "ಹೌದವ್ವಾ ಹೌದು" ಎಂದರು. ಒಬ್ಬಳಿಗೂ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ದೈವ ಊರೂರು ಅಲೆದು ಘಟ್ಟದ ತುದಿಗೆ ಬಂತು. ಕಡಲು ನೋಡಿತು. ಇನ್ನು ಇಳಿಯುತ್ತದೆ, ನಮ್ಮೂರು ಬರುತ್ತದೆ, ಅಪ್ಪೆ ಗುಣವಾಗುತ್ತಾಳೆ, ಇಬ್ಬರೂ ಊರಿಗೆ ಹೋಗಿ ಬರುತ್ತೇವೆ ಎಂದೆಲ್ಲ ಅಂದುಕೊಂಡೆ.

ಅಪ್ಪೆ ಹಾಡು ನಿಲ್ಲಿಸಿ ನೀರು ಕೇಳಿದಳು. ಕುಡಿದು, ಸುತ್ತ ಕೂತ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಮತ್ತೆ ಹಾಡು ಹಿಡಿದಾಗ ದೈವ ಕೆಳಗೆ ಇಳಿಯಲಿಲ್ಲ. "ಕೆಳಗೆ ನನ್ನನ್ನು ಕರೆಯುವ ಬಾಯಿ ಇಲ್ಲ" ಎಂದಿತು. ಕಡಲಿಗೆ ಬೆನ್ನು ಹಾಕಿತು. ಬಂದ ದಾರಿಯಲ್ಲೇ ತಿರುಗಿ ನಡೆದು ಮರಗಳಿಲ್ಲದ ಬಯಲಿಗೆ ಬಂತು. ಮೂರು ಮನೆಯ ಬಾಗಿಲು ತಟ್ಟಿ ಜಾಗವಿಲ್ಲ ಎನ್ನಿಸಿಕೊಂಡಿತು. ನಾಲ್ಕನೆಯ ಮನೆಯಲ್ಲಿ ಕಂಬಳಿ ಹೊದ್ದ ಹೆಂಗಸು ಹೊರಗೆ ಬಂದು ಕುರಿಯ ಹಾಲು ಕೊಟ್ಟಳು. ದೈವ ಕುಡಿಯಿತು. "ನನ್ನ ನೆಲೆ ಇದು" ಎಂದಿತು.

"ಹೌದವ್ವಾ ಹೌದು" ಎಂದಳು ಹಾಲಮ್ಮ.

ನಾನು ನೆಲ ಹಿಡಿದು ಕೂತೆ. ಅಮ್ಮಮ್ಮನ ಕಾಲದಿಂದ ಒಂದು ಮಾತು ಬದಲಾಗದ ಹಾಡು ಅದು. ಏನಾಯಿತೆಂದು ಆ ದೊಡ್ಡಿಯಲ್ಲಿ ತಿಳಿದವಳು ನಾನೊಬ್ಬಳೇ. ಹೆಂಗಸರು ಅರಿಸಿನ ಎರಚಿ, ಕಾಯಿ ಒಡೆದು, ಅಪ್ಪೆಯ ಕಾಲು ಮುಟ್ಟಿದರು. ಅವಳು ಹಾಲಮ್ಮನ ಕೆನ್ನೆ ಸವರಿದಳು.

ಮನೆಗೆ ಬಂದ ಮೇಲೆ ಕೇಳಿದೆ. "ಹಾಡು ಹಾಗಿಲ್ಲವಲ್ಲ ಅಪ್ಪೆ?"

"ಕೇಳಿದವರು ಇಲ್ಲಿಯವರು. ಕೇಳಿದವರ ನಡುವೆಯೇ ಅದನ್ನು ಕೂರಿಸಬೇಕಲ್ಲವಾ?" ಎಂದಳು. ಗಂಜಿ ಬೇಕೆಂದಳು. ಬಡಿಸುತ್ತಿದ್ದಾಗ, "ಇನ್ನು ಊರಿಗೆ ಯಾವಾಗ ಎಂದು ನಿನ್ನನ್ನು ಪೀಡಿಸುವುದಿಲ್ಲ ಮಗಾ" ಎಂದಳು. ಆ ಪೀಡೆಯೇ ನನಗೆ ಬೇಕಿತ್ತು ಎಂದು ಹೇಳಲಾಗದೆ ಅಡಿಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿ ಅತ್ತೆ.

ಆಮೇಲೆ ಅವಳು ಹೆಚ್ಚು ಕಾಲ ಇರಲಿಲ್ಲ. ನೋವಿಲ್ಲದೆ ಹೋದಳು. ಹಾಲಮ್ಮನ ಮನೆಯವರೇ ಹೆಗಲು ಕೊಟ್ಟರು. ತಮ್ಮ ಬೊಂಬಾಯಿಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಳೆದ ಬೇಸಿಗೆಯಲ್ಲಿ ನಾನು ಊರಿಗೆ ಬಂದಿದ್ದೆನಲ್ಲ, ನೀವೆಲ್ಲ ನೋಡಿದ್ದೀರಿ. ದೈವದ ಸ್ಥಾನಕ್ಕೆ ಹೊಸ ಹೆಂಚು ಹೊದಿಸಿದ್ದಿರಿ. ಚಿಕ್ಕಮ್ಮ ನನ್ನ ಕೈ ಹಿಡಿದು, "ಪಾಪ ಅಕ್ಕ, ದೈವದ ಕಣ್ಣಿಲ್ಲದ ಊರಲ್ಲಿ ಹೋದಳು" ಎಂದು ಅತ್ತಳು. ಪೂಜೆಯವರು, "ಏನಾದರೂ ಹೇಳಿಕೊಳ್ಳಲಿಕ್ಕುಂಟಾ?" ಎಂದು ಕೇಳಿದರು. ಇಲ್ಲ ಎಂದೆ. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದಾಗ ನಾನೂ ಮುಗಿದೆ. ನನ್ನ ಮನಸ್ಸು ಮಾತ್ರ ಅಲ್ಲಿ ಕೈ ಮುಗಿಯಲಿಲ್ಲ. ಆ ದೈವ ಈಗ ನಿಮ್ಮಲ್ಲಿಲ್ಲ, ಅಪ್ಪೆ ಅದನ್ನು ತಿರುಗಿಸಿ ಕರೆದುಕೊಂಡು ಹೋಗಿದ್ದಾಳೆ ಎಂದು ಅಲ್ಲಿ ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ನನ್ನ ಗಂಡ ಕಾರ್ಕಳಕ್ಕೆ ವರ್ಗ ಕೇಳಲಾ ಎಂದು ಈಗಲೂ ಕೇಳುತ್ತಾರೆ. ನೋಡುವ ಎನ್ನುತ್ತೇನೆ.

ಊರಿನಿಂದ ಜಗಳೂರಿಗೆ ಮರಳಿದ ಸಂಜೆ ಹಾಲಮ್ಮ ಕುರಿಗಳನ್ನು ದೊಡ್ಡಿಗೆ ಹೊಡೆಯುತ್ತಿದ್ದಳು. ನನ್ನನ್ನು ಕಂಡು ಬೇಲಿಯ ಹತ್ತಿರ ಬಂದಳು.

"ಊರಾಗೆಲ್ಲ ಆರಾಮೇನಕ್ಕಾ? ಅವತ್ತು ಅವ್ವ ಹಾಡಿ ಕಳ್ಸಿದ್ಲಲ್ಲ ದ್ಯಾವ್ರು, ನಿಮ್ಮೂರು ಮುಟ್ಟೈತೇನು? ನಾವೆಲ್ಲ ಹೌದು ಹೌದು ಅಂತ ಕಳ್ಸೀವಿ, ಕೇಳ್ಬೇಕು ಕೇಳ್ಬೇಕು ಅಂತಿದ್ದೆ."

ಅವಳ ಹಿಂದೆ ಕುರಿಗಳು ಒಂದರ ಮೇಲೊಂದು ಬಿದ್ದು ದೊಡ್ಡಿಯೊಳಗೆ ನುಗ್ಗುತ್ತಿದ್ದವು.

"ಮುಟ್ಟೈತೆ ಹಾಲಮ್ಮ" ಎಂದೆ.